ಚೀಟಿ ತಂದ ಹುಡುಗ ಯಾವ ಸೆಗ್ಮೆಂಟ್?

ಹುಬ್ಬಳ್ಯಾಗ ನನ್ನ ಆಫೀಸಿಗೆ ಯಾರು ಬಂದ್ರೂ ಮೊದ್ಲು ಹೇಳೂದು "ಸರ್, ನಮ್ಮ ಟಾರ್ಗೆಟ್ ಕಸ್ಟಮರ್ ಇವ್ರು" ಅಂತ. ಬ್ಯಾಡಗಿ ಕಡಿಂದ ಒಬ್ರು ಮಸಾಲಿ ಖಾರದವ್ರೂ ಹಂಗ ಬಂದಿದ್ರು. ವಿದ್ಯಾನಗರ, ಕೇಶ್ವಾಪುರ, 25ರಿಂದ 40 ವಯಸ್ಸು, ನೌಕರಿ ಮಾಡೋ ಹೆಣ್ಮಕ್ಳು, ಇಷ್ಟ ಮಂದಿ ಫೋನಿಗೆ ಜಾಹೀರಾತು ಬಿಟ್ಟು ಆರು ತಿಂಗ್ಳು ರೊಕ್ಕ ಸುರುವಿದ್ರು, ಲೈಕ್ ಬಂದ್ವು, ಅಂಗಡ್ಯಾಗಿನ ಪಾಕೀಟು ಹಂಗ ಕುಂತಿದ್ವು.

ನಾ ಒಂದಿನ ಸಂಜಿಕ್ಕ ಬೆಟಗೇರಿಯ ಒಂದು ಕಿರಾಣಿ ಅಂಗಡ್ಯಾಗ ಹೋಗಿ ಕುಂತೆ. ಹತ್ತು ವರ್ಷದ ಒಬ್ಬ ಹುಡುಗ ಚೀಟಿ ಹಿಡ್ಕೊಂಡು ಬಂದ, ಅದ್ರಾಗ "ಮಸಾಲಿ ಖಾರ 1 ಪಾಕೀಟು" ಅಂತಷ್ಟ ಇತ್ತು, ಯಾವ್ದು ಅಂತ ಬರ್ದಿರ್ಲಿಲ್ಲ. ಅಂಗಡಿಯವ್ರು "ಯಾವ್ದು ಬೇಕೋ ತಮ್ಮಾ?" ಅಂದ್ರು, ಅಂವ ಸಾಲಿ ದಾರ್ಯಾಗ ಗ್ವಾಡಿ ಮ್ಯಾಲೆ ಓದಿದ್ದ ಒಂದು ಹೆಸರು ಹೇಳಿದ. ಅವ್ವ ಬರ್ದದ್ದು, ಅಪ್ಪನ ರೊಕ್ಕ, ಆರಿಸಿದಂವ ಹುಡುಗ. ಇವ್ನ ಯಾವ ಸೆಗ್ಮೆಂಟಿನ್ಯಾಗ, ಅಂದ್ರ ಗಿರಾಕಿಗಳ ಯಾವ ಗುಂಪಿನ್ಯಾಗ ಹಾಕೂಣ್ರಿ?

ಹಿಂಗ ಗಿರಾಕಿಗಳ್ನ ಗುಂಪು ಗುಂಪು ಮಾಡಿ ಮಾರೋ ಮಾರ್ಕೆಟ್ ಸೆಗ್ಮೆಂಟೇಶನ್ ಅನ್ನೋ ವಿಚಾರಕ್ಕ ಸರಿಯಾಗಿ ಒಂದು ರೂಪ ಕೊಟ್ಟಂವ ಅಮೆರಿಕಾದ ವೆಂಡೆಲ್ ಸ್ಮಿತ್, 1956ರಾಗ. ಅದು ತಪ್ಪಲ್ಲ. ಹನಿ ನೀರಾವರಿ ಪೈಪ್ ಮಾರೂದಿದ್ರ ಹೊಲ ಇದ್ದವ್ರ ಹತ್ರನ ಹೋಗಬೇಕು, ಊರಿಗೆಲ್ಲಾ ಡಂಗುರ ಹೊಡದ್ರ ರೊಕ್ಕ ದಂಡ. ಆದ್ರ ಖಾರ, ಸಾಬಾನು, ಬಿಸ್ಕೀಟು ಇವಕ್ಕ ಮನಿ ಮನಿನೂ ಗಿರಾಕಿ. ಕರ್ಸನ್‌ಭಾಯ್ ಪಟೇಲ್ರು 1969ರಾಗ ಸೈಕಲ್ ಮ್ಯಾಲೆ ಮನಿಮನಿಗೆ ಒಯ್ದು ಮಾರಿದ ನಿರ್ಮಾ ಮುಂದ ದೇಶಕ್ಕೆಲ್ಲಾ ಒಂದ ಹೆಸರು, ಒಂದ ಜಾಹೀರಾತಿನ್ಯಾಗ ಬೆಳೀತು.

ಇನ್ನೊಂದು ಮಾತು ಭಾಳ ಮುಖ್ಯ ಐತಿ. ನಮ್ಮ ಕಡೆ ಬ್ಯಾಸಗ್ಯಾಗ ವರ್ಷದ ಖಾರ ಮನ್ಯಾಗನ ಕುಟ್ಟಿಸಿ ಡಬ್ಬಿ ತುಂಬಿ ಇಡೋರು ಇನ್ನೂ ಎಷ್ಟೋ ಮಂದಿ ಅದಾರ, ಅದು ತೀರಿದಾಗ ಅಷ್ಟ ಪಾಕೀಟು ತರಸ್ತಾರ, ವರ್ಷಕ್ಕ ಎರಡೋ ಮೂರೋ. ಅಂಥಾ ಮನಿ ಸಾವಿರಗಟ್ಲೆ ಅದಾವ, ಒಂದೊಂದ ಮನಿಯಿಂದ ಬರೋದು ಚೂರು, ಕೂಡಿಸಿದ್ರ ದೊಡ್ಡ ವ್ಯಾಪಾರ. ಅವ್ರ ಮನ್ಯಾಗ ಖಾರ ಯಾವಾಗ ತೀರತೈತಿ ಅಂತ ಯಾವ ಫೋನಿಗೂ ತಿಳಿಯಂಗಿಲ್ಲ, ತೀರಿದ ದಿನ ನಮ್ಮ ಹೆಸರು ಬಾಯಿಗೆ ಬರಬೇಕು ಅಷ್ಟ.

ಮತ್ತ ಫೋನಿನ್ಯಾಗ ಬಂದದ್ದು ನಾ ಒಬ್ನ ನೋಡ್ತೀನಿ. ಗ್ವಾಡಿ ಮ್ಯಾಲೆ ಬರ್ದದ್ದನ್ನ ನಾನೂ ನೋಡೀನಿ, ನಮ್ಮ ಬೀಗರೂ ನೋಡ್ಯಾರ, ಅವ್ರು ನೋಡ್ಯಾರ ಅನ್ನೋದೂ ನನಗ ಗೊತ್ತೈತಿ. ಬೀಗರು ಊಟಕ್ಕ ಬಂದ ದಿನ, ಯಾರೂ ಕೇಳದ ಹೆಸರಿನ ಖಾರ ಹಾಕಿ ಎಣ್ಣಿಗಾಯಿ ಮಾಡಾಕ ಮನಿಯವ್ರು ಧೈರ್ಯ ಮಾಡೂದಿಲ್ಲ.

ಬ್ಯಾಡಗಿಯವ್ರಿಗೆ ನಾ ಹೇಳಿದ್ದು ಇಷ್ಟ: ಪಾಕೀಟು ಬೇರೆ ಬೇರೆ ಮಾಡ್ರಿ, ಹತ್ತು ರೂಪಾಯಿದು ಸಣ್ಣ ಅಂಗಡಿಗೆ, ಒಂದು ಕೆಜಿದು ಖಾನಾವಳಿಗೆ, ಆದ್ರ ಹೆಸರು, ಬಣ್ಣ ಎಲ್ಲಾರಿಗೂ ಒಂದ ಇರ್ಲಿ. "ಅಷ್ಟು ರೊಕ್ಕ ಎಲ್ಲೈತ್ರಿ ಸರ್?" ಅಂದ್ರು. ಮಾಸ್, ಅಂದ್ರ ಎಲ್ಲಾರಿಗೂ ಮಾರೂದು ಅಂದ ಕೂಡ್ಲೆ ಇಡೀ ಕರ್ನಾಟಕನ ಆಗಬೇಕಂತಿಲ್ಲ, ಒಂದ ತಾಲೂಕು ಹಿಡೀರಿ, ಅಲ್ಲಿ ಒಂದು ಊರೂ ಬಿಡಬ್ಯಾಡ್ರಿ ಅಂದೆ. ಗದಗ ತಾಲೂಕಿನ ಬಸ್ ಸ್ಟ್ಯಾಂಡ್, ಸಂತಿ, ಜಾತ್ರಿ, ಕಿರಾಣಿ ಅಂಗಡಿ ಬೋರ್ಡು ಎಲ್ಲಾ ಮುಗಿಸಿದ ಮ್ಯಾಲೆನ ಅವ್ರ ಗಾಡಿ ರೋಣದ ಕಡೆ ಹೊಳ್ಳಿದ್ದು.