ಮುಹೂರ್ತಕ್ಕೆ ಮೊದಲು ಲಾರಿಯ ಕೆಳಗೊಮ್ಮೆ ನುಸುಳಿ ನೋಡಿ

ವಿಜಯಪುರದಲ್ಲಿ ಹೊಸ ಲಾರಿಗಳು ಹಬ್ಬದ ಲೆಕ್ಕದಲ್ಲಿ ಹೊರಗೆ ಬರುತ್ತವೆ. ಖಂಡೆ ಪೂಜೆ, ದೀಪಾವಳಿ ಪಾಡ್ಯ, ಯುಗಾದಿ. ದಸರಾ ಮುಗಿದರೆ ಕಬ್ಬಿನ ಸೀಸನ್ನೂ ಹತ್ತಿರ. ಹಾಗಾಗಿ ಆ ದಿನಗಳಲ್ಲಿ ವರ್ಕ್‌ಶಾಪಿನಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. "ಸರ, ಹನ್ನೊಂದಕ್ಕ ಮುಹೂರ್ತ ಐತ್ರಿ, ಲಗೂನ ಗಾಡಿ ಕೊಡ್ರಿ" ಎಂದು ಮಾಲೀಕರು ಬಾಗಿಲಲ್ಲೇ ನಿಂತಿರುತ್ತಾರೆ. ಇಂಥ ಹೊತ್ತಿನಲ್ಲಿ ಪಿಡಿಐ ಹೇಗೆ ನಡೆಯುತ್ತದೆ ಅಂತ ನೀವೇ ಊಹಿಸಿ.

ಪಿಡಿಐ ಅಂದರೆ ಪ್ರಿ ಡೆಲಿವರಿ ಇನ್‌ಸ್ಪೆಕ್ಷನ್. ಗಾಡಿ ಗಿರಾಕಿಯ ಕೈಗೆ ಹೋಗುವ ಮುಂಚೆ ಡೀಲರ್ ಮಾಡಲೇಬೇಕಾದ ತಪಾಸಣೆ. ಅದಕ್ಕೊಂದು ಉದ್ದನೆಯ ಫಾರ್ಮ್ ಇರುತ್ತದೆ, ಕೊನೆಗೆ ನಿಮ್ಮ ಸಹಿಯೂ ಬೇಕು. ಗಡಿಬಿಡಿಯಲ್ಲಿ ಟಿಕ್ ಮೊದಲು ಬೀಳುತ್ತದೆ, ನೋಡುವುದು ಆಮೇಲೆ. ಕೆಲವೊಮ್ಮೆ ಆಮೇಲೂ ಇಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಪೂಜೆ ಒಂದು ದಿನ, ತಪಾಸಣೆ ಅದರ ಹಿಂದಿನ ದಿನ. ಬೆಳಕಿರುವಾಗ, ನಿಮ್ಮ ಡ್ರೈವರನ್ನು ಕರೆದುಕೊಂಡು ಬನ್ನಿ. ಮಾಲೀಕರು ಬಣ್ಣ ನೋಡುತ್ತಾರೆ, ಡ್ರೈವರ್ ಸಪ್ಪಳ ಕೇಳುತ್ತಾನೆ.

ಕಾಗದಪತ್ರದ ಕೆಲಸ ಬೇಗ ಮುಗಿಯುತ್ತದೆ. ಫಾರ್ಮ್ 21 (ಮಾರಾಟದ ಸರ್ಟಿಫಿಕೇಟ್), ಫಾರ್ಮ್ 22 (ಗಾಡಿ ರಸ್ತೆಗೆ ಯೋಗ್ಯ ಎಂಬ ಸರ್ಟಿಫಿಕೇಟ್), ಇನ್ಶೂರೆನ್ಸ್, ಮೂರರಲ್ಲೂ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಒಂದೇ ಇರಬೇಕು. ಕಾಗದಕ್ಕೆ ಕಾಗದ ಹೋಲಿಸಿದರೆ ಸಾಲದು, ಚಾಸಿಯ ಮೇಲೆ ಕೊರೆದ 17 ಅಕ್ಷರಗಳ ಜೊತೆ ಹೋಲಿಸಿ. ಒಂದು ಅಂಕಿ ತಪ್ಪಿದರೂ ಕ್ಲೇಮ್ ಹೊತ್ತಿನಲ್ಲಿ ಅಲೆದಾಟ ತಪ್ಪಿದ್ದಲ್ಲ.

ಕಿಲೋಮೀಟರ್ ಮೀಟರ್ ಸೊನ್ನೆ ಇಲ್ಲ ಅಂತ ಕೆಲವರು ಜಗಳಕ್ಕೇ ಬರುತ್ತಾರೆ. ಸೊನ್ನೆ ಇರುವುದಿಲ್ಲ. ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಓಡಿಕೊಂಡೇ ಬರುತ್ತವೆ. ಪುಣೆಯಿಂದ ಸೋಲಾಪುರ ದಾರಿಯಲ್ಲಿ ಬಂದಿದ್ದರೆ 350 ಕಿ.ಮೀ. ಆಸುಪಾಸು ಇರುತ್ತದೆ. ಜಮ್ಶೆಡ್‌ಪುರದ ಗಾಡಿಯಾದರೆ ಸಾವಿರದ ಮೇಲೆಯೇ. ಎಲ್ಲಿಂದ ಬಂತು ಅಂತ ಕೇಳಿ, ಲೆಕ್ಕ ಹೊಂದುತ್ತದಾ ನೋಡಿ. ಹಾಗೇ ಸ್ಟೆಪ್ನಿ, ಜಾಕ್, ವ್ಹೀಲ್ ಪಾನಾ ಎಣಿಸಿಕೊಳ್ಳಿ. ದಾರಿಯಲ್ಲಿ ಇವಕ್ಕೆ ಕಾಲು ಬರುವುದುಂಟು.

ಗಾಡಿ ಯಾರ್ಡಿನಲ್ಲಿ ಎಷ್ಟು ತಿಂಗಳು ನಿಂತಿತ್ತು ಅನ್ನುವುದು ಜಾಸ್ತಿ ಮುಖ್ಯ. ನಮ್ಮ ಕಡೆ ಯಾರ್ಡ್ ಅಂದರೆ ಬಿರುಬಿಸಿಲು, ಮಳೆ ಬಂದರೆ ಎರೆ ಮಣ್ಣಿನ ಕೆಸರು, ಪಕ್ಕದಲ್ಲೇ ಜೋಳದ ಹೊಲ. ಹೊಲ ಇದ್ದಲ್ಲಿ ಇಲಿ. ಈಗಿನ ಬಿಎಸ್‌ 6 (ಹೊಸ ಹೊಗೆ ನಿಯಮದ) ಗಾಡಿಯ ತುಂಬ ಸೆನ್ಸರ್ ವೈರು. ಕ್ಯಾಬಿನ್ ಎತ್ತಿಸಿ, ಟಾರ್ಚ್ ಹಿಡಿದು ವೈರಿನ ಗೊಂಚಲು ಹೋದ ದಾರಿಯನ್ನೆಲ್ಲ ನೋಡಿ. ಇಲಿ ಹಿಕ್ಕೆ ಕಂಡರೆ ಸುಮ್ನೆ ಒರೆಸಿ ಬಿಡುವಂತಿಲ್ಲ, ಪೂರ್ತಿ ಚೆಕ್ ಮಾಡಿಸಬೇಕು. ಬ್ಯಾಟರಿ ಎರಡಿರುತ್ತವೆ, ಒಂದೊಂದೂ 12.6 ವೋಲ್ಟ್ ಸುತ್ತ ಇರಬೇಕು. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಯೇ ಕೊಡಲು ಹೇಳಿ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದರ ಗಾಳಿಯನ್ನೂ ಮರೆಯದೆ ಚೆಕ್ ಮಾಡಿಸಿ. ಅದರ ವಾಲ್ವಿಗೆ ಕೈ ಹಾಕುವುದು ಕಷ್ಟ, ಹಾಗಾಗಿ ಹುಡುಗರು ಹೊರಗಿನದನ್ನು ನೋಡಿ ಎದ್ದುಬಿಡುತ್ತಾರೆ.

ಇನ್ನು ಬ್ರೇಕು. ಲಾರಿಯ ಬ್ರೇಕ್ ಟ್ಯಾಂಕಿನಲ್ಲಿ ತುಂಬಿದ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಇದಕ್ಕೆ ಅರ್ಧ ಗಂಟೆ ಇಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಗಾಲಿಗೆ ಮುಂದೆ ಹಿಂದೆ ಕಟ್ಟಿಗೆ ತುಂಡು ಕೊಡಿ. ಎಂಜಿನ್ ಚಾಲೂ ಮಾಡಿ ಗಾಳಿ ತುಂಬಲು ಬಿಡಿ. ಟ್ಯಾಂಕ್ ತುಂಬಿದ ಮೇಲೆ ಕೆಳಗಿನಿಂದ ಪುಸ್ ಅಂತ ಸಪ್ಪಳ ಬರುತ್ತದೆ. ಆಗ ಎಂಜಿನ್ ಬಂದ್ ಮಾಡಿ, ಕೀ ಆನ್ ಇರಲಿ, ಹ್ಯಾಂಡ್ ಬ್ರೇಕ್ ಬಿಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ಒತ್ತಿದ ಕೂಡಲೇ ಗಾಳಿ ಮೀಟರಿನ ಮುಳ್ಳು ಸ್ವಲ್ಪ ಇಳಿಯುವುದು ಸಹಜ, ಆಮೇಲೆ ಅಲ್ಲೇ ನಿಲ್ಲಬೇಕು. ನಿಧಾನಕ್ಕೆ ಇಳಿಯುತ್ತಲೇ ಇದ್ದರೆ ಎಲ್ಲೋ ಲೀಕ್ ಇದೆ. ಇನ್ನೊಬ್ಬರು ಸೋಪಿನ ನೀರು, ಬ್ರಷ್ ಹಿಡಿದು ಕೆಳಗೆ ಹೋಗಿ ಒಂದೊಂದೇ ಜಾಯಿಂಟಿಗೆ ಹಚ್ಚುತ್ತ ಬರಲಿ. ಗುಳ್ಳೆ ಎದ್ದಲ್ಲಿ ಲೀಕ್. ನಂತರ ಪೆಡಲ್ ಮೇಲಿಂದ ಮೇಲೆ ಒತ್ತಿ ಗಾಳಿ ಖಾಲಿ ಮಾಡಿ. ಮುಳ್ಳು ಕೆಂಪು ಪಟ್ಟಿಗೆ ಬರುವಾಗ ಬಜರ್ ಕೂಗಲೇಬೇಕು. ಕೂಗದಿದ್ದರೆ ಗಾಡಿ ತಗೊಳ್ಳಬೇಡಿ, ಮುಹೂರ್ತ ಮುಂದಕ್ಕೆ ಹೋದರೂ ಪರವಾಗಿಲ್ಲ.

ಡೆಫ್, ಅಂದರೆ ಹೊಗೆ ಶುದ್ಧ ಮಾಡುವ ದ್ರವದ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಸುತ್ತ ಬಿಳಿ ಹರಳು ಜಾಸ್ತಿ ಕಟ್ಟಿದ್ದರೆ ಯಾಕೆ ಅಂತ ಕೇಳಿ. ಅದಕ್ಕೆ ಹಾಕುವುದು 32.5% ಯೂರಿಯಾ ಇರುವ ಶುದ್ಧ ದ್ರಾವಣ. ಹೊಲಕ್ಕೆ ಹಾಕುವ ಯೂರಿಯಾ ಕರಗಿಸಿ ಸುರಿಯುವ ಬುದ್ಧಿವಂತರೂ ಇದ್ದಾರೆ, ಆಮೇಲೆ ಸೈಲೆನ್ಸರ್ ಕಡೆಯ ರಿಪೇರಿ ಬಿಲ್ ನೋಡಿ ಕೂತುಬಿಡುತ್ತಾರೆ. 2025ರ ಅಕ್ಟೋಬರ್ 1ರಿಂದ ತಯಾರಾದ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. "ಡ್ರೈವರ್‌ಗ್ಯಾಕ ಎಸಿ" ಅನ್ನುವ ಸಾವ್ಕಾರರು ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹುಬ್ಬಳ್ಳಿತನಕ ಕೂತು ಬರಲಿ. ಚಾಲೂ ಮಾಡಿ ಹತ್ತು ನಿಮಿಷ ನೋಡಿ, ಅಷ್ಟೇ.

ಬರೀ ಚಾಸಿ ತಗೊಂಡು ಬಾಡಿ ಕಟ್ಟಿಸುವವರಿಗೆ ಕೆಲಸ ಇಲ್ಲಿಗೇ ಮುಗಿಯಲಿಲ್ಲ. ನನ್ನ ಅನುಭವದಲ್ಲಿ ಹೊಸ ಗಾಡಿ ಹಾಳಾಗುವುದು ಡೀಲರ್ ಹತ್ತಿರ ಅಲ್ಲ, ಬಾಡಿ ಕಟ್ಟುವಲ್ಲಿ. ಬ್ಯಾಟರಿ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಷನ್ ತೆಗೆಯದೆ ವೆಲ್ಡಿಂಗ್ ಹೊಡೆದರೆ ಇಸಿಯು ಸುಟ್ಟು ಹೋಗಬಹುದು. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ರಂಧ್ರ ಕೊರೆಯಬಾರದು. ಕೊರೆದರೆ ಲೋಡಿಗೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ, ವಾರಂಟಿಯವರು ಕೈ ಎತ್ತುತ್ತಾರೆ. ಪೇಂಟ್ ಹೊಡೆಯುವಾಗ ಬ್ರೇಕಿನ ನೈಲಾನ್ ಪೈಪಿನ ಮೇಲೂ ಹೊಡೆಯುತ್ತಾರೆ. ರೇಡಿಯಂ ಟೇಪ್ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಇದೆಯಾ ನೋಡಿಕೊಳ್ಳಿ. ಹಾಗಾಗಿ ಬಾಡಿ ಮುಗಿದ ಮೇಲೆ ಗಾಡಿಯನ್ನು ಇನ್ನೊಮ್ಮೆ ವರ್ಕ್‌ಶಾಪಿಗೆ ತನ್ನಿ. ಕಂತು ಶುರುವಾಗಿರುತ್ತದೆ, ಅವಸರ ಇರುತ್ತದೆ, ಗೊತ್ತು. ಆದರೂ ಅರ್ಧ ದಿನ ಕೊಡಿ.

ಕೊನೆಗೆ ನಟ್ಟು. ಹೊಸ ಗಾಡಿಯ ವ್ಹೀಲ್ ನಟ್ಟುಗಳು ಓಡಿದ ಮೇಲೆ ಸ್ವಲ್ಪ ಸಡಿಲ ಆಗುತ್ತವೆ. ಅದು ದೋಷ ಅಲ್ಲ, ಬಣ್ಣದ ಪದರ ಒತ್ತಿ ಕೂರುವುದರಿಂದ ಹಾಗಾಗುತ್ತದೆ. ಮೊದಲ ಲೋಡ್ ಸೋಲಾಪುರಕ್ಕೆ ಹೋದರೆ ಸುಮಾರು 100 ಕಿ.ಮೀ. ಆಗುತ್ತದೆ, ಅಲ್ಲೇ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಪಾನಾ) ಬಿಗಿ ಮಾಡಿಸಿ. ಗಾಳಿ ಗನ್ನಿನಿಂದ ಟರ್ರ್ ಅನಿಸಿದರೆ ಲೆಕ್ಕಕ್ಕಿಲ್ಲ. ಪಾಟಾ (ಸ್ಪ್ರಿಂಗ್ ಪಟ್ಟಿ) ಕಟ್ಟಿರುವ ಯು ಬೋಲ್ಟುಗಳಿಗೂ ಮೊದಲ ಲೋಡಿನ ನಂತರ ಇದೇ ಕೆಲಸ. ಇದಕ್ಕೆ ಬೇರೆ ದುಡ್ಡು ಕೇಳಿದರೆ ಮೊದಲ ಸರ್ವೀಸಿನ ಕೂಪನ್ ತೆಗೆದು ಓದಿ, ಅದರಲ್ಲೇ ಸೇರಿರಬಹುದು.