ಸ್ಟ್ರಾಟೆಜಿಕ್ ಪ್ಲಾನ್: ಗಂಟೆ ಬಾರಿಸುವ ಮೊದಲಿನ ಲೆಕ್ಕ

ಅಗ್ನಿಶಾಮಕ, ಆಂಬ್ಯುಲೆನ್ಸ್ ಇಲಾಖೆಗಳ ವಿಷಯದಲ್ಲಿ ಈ ಪದ ಆಗಾಗ ಕಿವಿಗೆ ಬೀಳುತ್ತದೆ. ಪತ್ರಿಕೆಯವರು 'ಕಾರ್ಯತಂತ್ರ ಯೋಜನೆ' ಅಂತ ಬರೆಯುತ್ತಾರೆ, ಕಚೇರಿಯಲ್ಲಿ ಎಲ್ಲರೂ ಸ್ಟ್ರಾಟೆಜಿಕ್ ಪ್ಲಾನ್ ಅಂತಲೇ ಅನ್ನುತ್ತಾರೆ. ತುಂಬಾ ಜನ ಇದನ್ನು ತುರ್ತು ಯೋಜನೆ ಅಂದುಕೊಳ್ಳುತ್ತಾರೆ. ಅಲ್ಲ. ಬೆಂಕಿ ಬಿದ್ದಾಗ ಯಾರು ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಜನರನ್ನು ಹೊರಗೆ ಕಳಿಸಬೇಕು ಅನ್ನುವುದು ತುರ್ತು ಯೋಜನೆ. ಇದು ಅದಕ್ಕೂ ವರ್ಷಗಳ ಹಿಂದಿನ ಮಾತು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಬಾವಿ ಎಲ್ಲಿ ತೋಡಬೇಕು, ಎಷ್ಟು ತೋಡಬೇಕು, ಹಗ್ಗಕ್ಕೆ ದುಡ್ಡು ಯಾರು ಕೊಡಬೇಕು? ಅದನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಕೂತು ಬರೆದಿಡುವುದೇ ಸ್ಟ್ರಾಟೆಜಿಕ್ ಪ್ಲಾನ್.

ಇದರ ಜೀವ ಇರುವುದು ಸಮಯದ ಲೆಕ್ಕದಲ್ಲಿ. ಕರೆ ಬಂತು, ಗಂಟೆ ಬಾರಿಸಿತು, ಮಲಗಿದ್ದವನು ಎದ್ದು ಬೂಟಿಗೆ ಕಾಲು ತೂರಿಸಿ, ಪ್ಯಾಂಟ್ ಮೇಲೆಳೆದು, ಕೋಟು ಹಾಕಿಕೊಂಡು ಗಾಡಿ ಹತ್ತಬೇಕು. ಅಮೆರಿಕದಲ್ಲಿ ಪೂರ್ಣಕಾಲಿಕ ಅಗ್ನಿಶಾಮಕ ದಳಗಳಿಗಾಗಿ ಇರುವ ಎನ್‌ಎಫ್‌ಪಿಎ 1710 ಎಂಬ ಮಾನದಂಡದ 2020ರ ಆವೃತ್ತಿಯಲ್ಲಿ ಬೆಂಕಿ ಕರೆ ಬಂದಾಗ ಇದಕ್ಕೆ ಸಿಗುವುದು 80 ಸೆಕೆಂಡ್. ಆಮೇಲೆ ಮೊದಲ ಗಾಡಿ ರಸ್ತೆಯಲ್ಲಿ ಕಳೆಯಬಹುದಾದದ್ದು 240 ಸೆಕೆಂಡ್, ಅಂದರೆ ನಾಲ್ಕು ನಿಮಿಷ. ನೂರಕ್ಕೆ 90 ಕರೆಗಳಲ್ಲಾದರೂ ಈ ಗುರಿ ಮುಟ್ಟಬೇಕು.

ಆ 90 ಯಾಕೆ, ಸರಾಸರಿ ಸಾಲದಾ? ಸಾಲದು. ಹತ್ತು ಕರೆ ಬಂದವು ಅಂತ ಇಟ್ಟುಕೊಳ್ಳಿ. ಎಂಟಕ್ಕೆ ನಾಲ್ಕು ನಿಮಿಷದಲ್ಲಿ ತಲುಪಿದರು, ಊರಾಚೆಯ ಎರಡಕ್ಕೆ 15 ನಿಮಿಷ ಹಿಡಿಯಿತು. ಸರಾಸರಿ ಆರು ನಿಮಿಷ ಚಿಲ್ಲರೆ. ಕೇಳಲು ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಹತ್ತರಲ್ಲಿ ಒಂಬತ್ತು ಕರೆಗೆ ಎಷ್ಟರೊಳಗೆ ತಲುಪಿದರು ಅಂತ ಕೇಳಿದರೆ ಉತ್ತರ 15 ನಿಮಿಷ. ಊರಾಚೆಯವರ ಕಷ್ಟ ಸರಾಸರಿಯಲ್ಲಿ ಕರಗಿಹೋಗುತ್ತದೆ. ಬರೀ ಸರಾಸರಿ ತೋರಿಸುವ ಪ್ಲಾನ್ ಕಂಡರೆ ನನಗೆ ಅನುಮಾನ ಶುರುವಾಗುವುದು ಇಲ್ಲೇ.

ಹಾಗಾದರೆ ಇನ್ನೊಂದು ಠಾಣೆ ಕಟ್ಟಿದರಾಯ್ತು ಅನ್ನಬಹುದು. 1970ರ ದಶಕದಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ದಳಕ್ಕಾಗಿ ರ‍್ಯಾಂಡ್ ಸಂಸ್ಥೆಯವರು ಇದನ್ನು ಲೆಕ್ಕ ಹಾಕಿದ್ದರು. ಒಂದು ಪ್ರದೇಶದಲ್ಲಿ ಗಾಡಿ ಓಡಬೇಕಾದ ಸರಾಸರಿ ದೂರ ಠಾಣೆಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ಸುಲಭವಾಗಿ ಹೇಳಬೇಕೆಂದರೆ, ದೂರ ಅರ್ಧ ಆಗಬೇಕಾದರೆ ಠಾಣೆ ಎರಡಲ್ಲ, ನಾಲ್ಕು ಪಟ್ಟು ಬೇಕು! ನಾಲ್ಕು ಪಟ್ಟು ಠಾಣೆ ಅಂದರೆ ಗಾಡಿ, ಸಿಬ್ಬಂದಿ, ಸಂಬಳ, ಪಿಂಚಣಿ ಎಲ್ಲವೂ ಅದಕ್ಕೆ ತಕ್ಕಂತೆ. ಆದ್ದರಿಂದಲೇ ಬುದ್ಧಿವಂತ ಇಲಾಖೆ ಮೊದಲು ಕರೆ ತೆಗೆದುಕೊಳ್ಳುವ ಕೋಣೆಯಲ್ಲಿ, ಬೂಟು ಹಾಕಿಕೊಳ್ಳುವ ಜಾಗದಲ್ಲಿ ಸೆಕೆಂಡ್ ಹುಡುಕುತ್ತದೆ. ಅಲ್ಲಿ ಉಳಿಸಿದ 20 ಸೆಕೆಂಡಿಗೆ ಜಾಗ ಕೊಳ್ಳಬೇಕಿಲ್ಲ.

ಪ್ಲಾನ್‌ನಲ್ಲಿ ಇನ್ನೂ ಏನೇನೋ ಇರುತ್ತದೆ: ಹಳೆಯದಾಗುವ ಗಾಡಿಗಳು, ನಿವೃತ್ತಿ, ತರಬೇತಿ, ಹೊಸದಾಗಿ ಏಳುತ್ತಿರುವ ಬಹುಮಹಡಿ ಕಟ್ಟಡಗಳು. ಕರೆಗಳ ಸ್ವರೂಪವೂ ಬದಲಾಗುತ್ತದೆ. ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಈಗ ಜಾಸ್ತಿ ಪಾಲು ಎದೆನೋವು, ಬಿದ್ದು ಪೆಟ್ಟಾದದ್ದು, ಇಂಥವೇ. ಬೆಂಕಿಯದು ಸಣ್ಣ ಪಾಲು. ಹೆಸರಿನಲ್ಲಿ ಬೆಂಕಿ ಇದೆ ಅಂತ ದುಡ್ಡೆಲ್ಲ ಏಣಿ ಗಾಡಿಗೇ ಸುರಿದರೆ ಲೆಕ್ಕ ತಪ್ಪುತ್ತದೆ.

ಇಂಗ್ಲೆಂಡಿನಲ್ಲಿ ಪ್ರತಿ ಅಗ್ನಿಶಾಮಕ ಪ್ರಾಧಿಕಾರವೂ ಕನಿಷ್ಠ ಮೂರು ವರ್ಷಕ್ಕೆ ಇಂಥದ್ದೊಂದು ಯೋಜನೆ ಮಾಡಿ, ಜನರ ಅಭಿಪ್ರಾಯ ಕೇಳಿ, ಪ್ರಕಟಿಸಲೇಬೇಕು. ಅಲ್ಲಿ ಅದರ ಹೆಸರು ಕಮ್ಯುನಿಟಿ ರಿಸ್ಕ್ ಮ್ಯಾನೇಜ್‌ಮೆಂಟ್ ಪ್ಲಾನ್. ಹೆಸರಲ್ಲೇ ಅಪಾಯ ಇದೆ, ಗಾಡಿ ಇಲ್ಲ. ನನಗೆ ಆ ಹೆಸರೇ ಇಷ್ಟ.

ಯಾವುದಾದರೂ ಇಲಾಖೆಯ ಪ್ಲಾನ್ ಕೈಗೆ ಸಿಕ್ಕರೆ ಮೊದಲಿನ ಮಿಷನ್, ವಿಷನ್ ಪುಟಗಳನ್ನು ಸುಮ್ನೆ ಹಾರಿಸಿ. ಎಲ್ಲ ಕಡೆಯೂ ಅವು ಒಂದೇ ಥರ ಇರುತ್ತವೆ. ಪ್ರತಿ ಕೆಲಸದ ಎದುರು ಯಾರು ಮಾಡಬೇಕು, ಯಾವ ದಿನದೊಳಗೆ, ಯಾವ ದುಡ್ಡಲ್ಲಿ ಅಂತ ಇದೆಯಾ ನೋಡಿ. ಆಮೇಲೆ, ಯಾವ ಕೆಲಸ ಕೈಬಿಡುತ್ತೇವೆ ಅಂತ ಎಲ್ಲಾದರೂ ಬರೆದಿದ್ದಾರಾ ಅಂತಲೂ ಹುಡುಕಿ. ಅದೊಂದು ಪುಟ ಬರೆಯುವಾಗಲೇ ಮೀಟಿಂಗಿನಲ್ಲಿ ನಿಜವಾದ ಜಗಳ ಆಗಿರುತ್ತದೆ.