ಸೇತುವೆ ಕಟ್ಟಬಹುದು, ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ಸೇತುವೆಗೆ ಎಷ್ಟು ಖರ್ಚಾಯಿತು ಎಂದು ಕೇಳಿದರೆ ಲೆಕ್ಕದ ಪುಸ್ತಕ ತೆಗೆದು ಹೇಳಬಹುದು. ಅದರಿಂದ ಎಷ್ಟು ಉಪಯೋಗವಾಯಿತು ಎಂದು ಕೇಳಿ ನೋಡಿ, ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ಟೋಲ್‌ನಲ್ಲಿ ಬಂದ ದುಡ್ಡೇ ಉಪಯೋಗ ಅಲ್ವಾ? ಅಲ್ಲ ಎಂದು 1844ರಲ್ಲೇ ತೋರಿಸಿದವರು ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ. ಅವರ ವಿಚಾರವನ್ನು ಹೀಗೆ ನೋಡೋಣ. ಸೇತುವೆ ದಾಟಲು ಒಂದು ಕಾಸು. ದಿನಾ ಕೆಲಸಕ್ಕೆ ಆಚೆ ದಡಕ್ಕೆ ಹೋಗುವವನಿಗೆ ಸೇತುವೆ ಇಲ್ಲದಿದ್ದರೆ ಎರಡು ಗಂಟೆ ಸುತ್ತು. ಐದು ಕಾಸು ಕೇಳಿದ್ದರೂ ಕೊಡುತ್ತಿದ್ದ, ಕೊಟ್ಟದ್ದು ಒಂದೇ. ಮಿಕ್ಕ ನಾಲ್ಕು ಕಾಸಿನ ಲಾಭ ಅವನದು, ಅದು ಟೋಲ್ ಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಇನ್ನೊಬ್ಬ ಸುಮ್ನೆ ಅಡ್ಡಾಡಲು ಬಂದವನು. ಅರ್ಧ ಕಾಸಾಗಿದ್ದರೆ ದಾಟುತ್ತಿದ್ದ. ಒಂದು ಕಾಸು ಅಂದಿದ್ದಕ್ಕೆ ವಾಪಸ್ ಹೋದ. ಅವನೊಬ್ಬ ದಾಟಿದ್ದರೆ ಸೇತುವೆ ಸವೆಯುತ್ತಿರಲಿಲ್ಲ. ಆ ಅರ್ಧ ಕಾಸಿನ ಖುಷಿ ಯಾರಿಗೂ ದಕ್ಕಲಿಲ್ಲ.

ಅಮೆರಿಕದ 1936ರ ಪ್ರವಾಹ ನಿಯಂತ್ರಣ ಕಾಯ್ದೆ ಇದೇ ದಾರಿ ಹಿಡಿಯಿತು. ಲಾಭ ಯಾರಿಗೇ ಸೇರಲಿ, ಒಟ್ಟು ಲಾಭ ಖರ್ಚಿಗಿಂತ ಜಾಸ್ತಿ ಇರಬೇಕು ಎಂದಿತು. ‘ಯಾರಿಗೇ ಸೇರಲಿ’ ಎಂಬ ಮಾತಿನಲ್ಲೇ ಒಂದು ಮುಳ್ಳಿದೆ. ಮನೆ ಕಳೆದುಕೊಳ್ಳುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು ಆದರೂ ಮೊತ್ತ ಸರಿಹೋಗುತ್ತದೆ.

ರಸ್ತೆಗಳ ಲಾಭದಲ್ಲಿ ದೊಡ್ಡ ಪಾಲು ಉಳಿದ ಸಮಯದ್ದು. ದಿನಕ್ಕೆ 10,000 ಜನರಿಗೆ ತಲಾ 3 ನಿಮಿಷ ಉಳಿದರೆ 500 ಗಂಟೆ ಎಂದು ಬರೆದುಕೊಳ್ಳುತ್ತಾರೆ. ಗುಣಾಕಾರ ಸರಿ. ಆದರೆ 3 ನಿಮಿಷದಲ್ಲಿ ಯಾರು ಏನು ಮಾಡಿಯಾರು ಎಂಬ ಅನುಮಾನ ನನಗಂತೂ ಹೋಗಿಲ್ಲ.

ಇದಕ್ಕಿಂತ ದೊಡ್ಡ ಕೈಚಳಕ ಡಿಸ್ಕೌಂಟ್ ದರದ್ದು. ನಾಳೆಯ ಲಾಭಕ್ಕೆ ಇಂದಿನ ಲಾಭದಷ್ಟು ತೂಕವಿಲ್ಲ ಎಂದು ವರ್ಷಕ್ಕಿಷ್ಟು ಕಡಿತ ಮಾಡುತ್ತಾ ಹೋಗುವುದು. 30 ವರ್ಷದ ನಂತರ ಬರುವ 100ರ ಲಾಭ, ಶೇ. 3.5ರ ದರದಲ್ಲಿ ಇಂದಿಗೆ ಸುಮಾರು 36. ಶೇ. 7 ಹಾಕಿದರೆ ಬರೀ 13. ಮೊದಲನೆಯದು ಬ್ರಿಟನ್ 2003ರಿಂದ ಬಳಸಿದ ದರ, ಎರಡನೆಯದು ಅಮೆರಿಕ 1992ರಿಂದ ಮೂರು ದಶಕ ಬಳಸಿದ್ದು. ಸೇತುವೆ ಅದೇ, ನದಿ ಅದೇ.

ಈ ಕಡಿತದ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ನೋಡಬೇಕಾದರೆ ಸೇತುವೆಯ ಕೆಳಗೆ ನಿಲ್ಲಬೇಕು. ಮೇಲಿನ ಮಳೆನೀರು ಹೊರಹೋಗಲು ಸಣ್ಣ ಕೊಳವೆಗಳಿರುತ್ತವೆ. ಎಷ್ಟೋ ವರ್ಷದ ನಂತರದ ರಿಪೇರಿ ಖರ್ಚೂ ಇದೇ ಕಡಿತದಲ್ಲಿ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಇಂದಿನ ಖರ್ಚು ಇಳಿಸಿ ಎಂದಾಗ ಕೊಳವೆಯ ಗಾತ್ರ ಚಿಕ್ಕದಾಗುತ್ತದೆ, ಅದನ್ನು ಶುಚಿ ಮಾಡುವ ಕೆಲಸ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಕಸ ಕಟ್ಟುತ್ತದೆ. ನಿಂತ ನೀರು ಕಾಂಕ್ರೀಟ್‌ನೊಳಗೆ ಇಳಿದು ಕಂಬಿ ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಹಾಗಾಗಿ ಒಳಗಿನಿಂದಲೇ ಕಾಂಕ್ರೀಟ್ ಸೀಳುತ್ತದೆ. ಮೊದಲು ಒಂದು ಕಂದು ಗೆರೆ, ಆಮೇಲೆ ಹಕ್ಕಳೆ ಏಳುವುದು. ಅಷ್ಟು ಹೊತ್ತಿಗೆ ಕೊಳವೆಯಲ್ಲಿ ಉಳಿಸಿದವರು ‘ಕಡಿಮೆ ಖರ್ಚಿನಲ್ಲಿ ಮುಗಿಸಿದೆವು’ ಎಂದು ವರದಿ ಬರೆದು ಎಷ್ಟೋ ವರ್ಷವಾಗಿರುತ್ತದೆ.